ಉಸ್ತಾದರ ಕನ್ನಡಕ ಮಂಜಾಗುವ ತನಕ

ಕಾರಿನ ಎ.ಸಿ. ರಿಪೇರಿ ಮಾಡೋನ ಅಂಗಡಿಗೆ ಯಾರೂ ನಗುತ್ತಾ ಬರುವುದಿಲ್ಲ. ದಾವಣಗೆರೆ ಬಿಸಿಲಿನಲ್ಲಿ ನಾಲ್ಕೂ ಗಾಜು ಇಳಿಸಿಕೊಂಡು, ಅಂಗಿ ಬೆನ್ನಿಗೆ ಅಂಟಿಸಿಕೊಂಡು, ಹಿಂದಿನ ಸೀಟಿನಿಂದ ನಾಲ್ಕು ಮಾತು ಅನ್ನಿಸಿಕೊಂಡು ಬರುತ್ತಾರೆ. ಹೋಗುವಾಗ ಮಾತ್ರ ಗಾಜು ಏರಿಸಿಕೊಂಡು, ಒಳಗಿಂದಲೇ ಕೈ ಬೀಸಿ ಹೋಗುತ್ತಾರೆ. ಈ ಬರೋದಕ್ಕೂ ಹೋಗೋದಕ್ಕೂ ನಡುವೆ ಏನಾದರೊಂದು ಆಗೇ ಆಗುತ್ತದೆ. ಏನೂ ಆಗದ ದಿನ ನನಗೇ ಅನುಮಾನ ಬಂದು, ಇವತ್ತು ಅಂಗಡಿಗೆ ರಜೆಯೇನೋ ಅಂತ ಕ್ಯಾಲೆಂಡರ್ ನೋಡುತ್ತೇನೆ.

ನಾನು ಏಳನೇ ಕ್ಲಾಸಿನ ಅರ್ಧಕ್ಕೆ ಶಾಲೆ ಬಿಟ್ಟವನು. ಬಿಟ್ಟೆ ಅನ್ನೋದಕ್ಕಿಂತ, ಒಂದು ದಿನ ಬೆಳಿಗ್ಗೆ ಶಾಲೆ ಗೇಟು ದಾಟಿ ಹಾಗೇ ಮುಂದಕ್ಕೆ ಹೋಗಿಬಿಟ್ಟೆ. ನಿಂತಿದ್ದು ಹರಿಹರದಲ್ಲಿ, ಒಬ್ಬ ಉಸ್ತಾದರ ಗ್ಯಾರೇಜಿನ ಮುಂದೆ. ಮೊದಲು ರೇಡಿಯೇಟರ್ ಬೆಸುಗೆ ಮಾಡುತ್ತಿದ್ದವರು, ಕಾರುಗಳಿಗೆ ಎ.ಸಿ. ಬಂದ ಮೇಲೆ ಅದನ್ನೂ ತಾವೇ ಬಿಚ್ಚಿ ತಾವೇ ಕಲಿತವರು. ಅವರ ಹತ್ತಿರ ಕಲಿತದ್ದು ಮೂರೇ ಪಾಠ, ಇವತ್ತಿಗೂ ಅದರ ಮೇಲೇ ನನ್ನ ಅನ್ನ.

ಒಂದು: ಎ.ಸಿ.ಯ ಗ್ಯಾಸು ಪೆಟ್ರೋಲಿನ ಹಾಗೆ ಖರ್ಚಾಗುವುದಿಲ್ಲ. ಕಮ್ಮಿಯಾಯಿತು ಅಂದರೆ ಎಲ್ಲೋ ಸೋರಿದೆ. ಸೋರಿದ ಜಾಗ ಹುಡುಕದೆ ಗ್ಯಾಸ್ ತುಂಬೋನು ಮೆಕ್ಯಾನಿಕ್ ಅಲ್ಲ.

ಎರಡು: ಹಸಿರು ದಾರ. ಉಸ್ತಾದರು ತಾವು ಬಿಗಿ ಮಾಡಿದ ಪ್ರತಿ ಜಾಯಿಂಟಿಗೂ ಒಂದು ಹಸಿರು ನೂಲು ಕಟ್ಟುತ್ತಿದ್ದರು. ಅಂದರೆ, 'ಇದನ್ನ ನಾನು ನೋಡೀನಿ, ಇನ್ಯಾರೂ ನೋಡೋದು ಬ್ಯಾಡ.' ಆ ದಾರ ಕಂಡ ಕಡೆ ನಾವು ಶಿಷ್ಯರು ಸ್ಪ್ಯಾನರ್ ಇರಲಿ, ಉಸಿರೂ ಬಿಡುತ್ತಿರಲಿಲ್ಲ.

ಮೂರು: ಚಷ್ಮಾ ಪರೀಕ್ಷೆ. ಕೆಲಸ ಮುಗಿದ ಮೇಲೆ ಉಸ್ತಾದರು ಗಾಜು ಏರಿಸಿಕೊಂಡು ಕಾರಿನಲ್ಲಿ ಹತ್ತು ನಿಮಿಷ ಕೂಡುತ್ತಿದ್ದರು. ಆಮೇಲೆ ಬಾಗಿಲು ತೆಗೆದು ಹೊರಗಿನ ಸೆಕೆಗೆ ಇಳಿದ ಕೂಡಲೇ ಅವರ ದಪ್ಪ ಕನ್ನಡಕ ಮಂಜು ಕಟ್ಟಿ ಬೆಳ್ಳಗಾಗಬೇಕು. "ಮೀಟರ್ ಸುಳ್ಳು ಹೇಳ್ತೈತೆ, ಚಷ್ಮಾ ಹೇಳಲ್ಲ" ಅನ್ನೋರು.

ಹೊಗಳಿಕೆ ಅನ್ನೋದು ಅವರ ಟೂಲ್ ಬಾಕ್ಸಿನಲ್ಲೇ ಇರಲಿಲ್ಲ. ಹೆಚ್ಚೆಂದರೆ ಒಂದು 'ಹ್ಞೂ'. ಅಷ್ಟೂ ವರ್ಷದಲ್ಲಿ ನನಗೆ ಆ ಹ್ಞೂ ಸಿಕ್ಕಿದ್ದು ಎರಡು ಸಲ. ಅದರಲ್ಲೂ ಒಂದು, ಅವರ ಬಾಯಲ್ಲಿ ಎಲೆ ಅಡಿಕೆ ಇದ್ದಾಗ.

ನಾನು ಅವರನ್ನು ಬಿಟ್ಟು ಮೂರು ಸಲ ಓಡಿಹೋದೆ. ಒಂದು ಸಲ ಸಮುದ್ರ ನೋಡಬೇಕು ಅಂತ ಗೋವಾಕ್ಕೆ. ಒಂದು ಸಲ ಕಿತ್ತಳೆ ತರೋ ಲಾರಿ ಹತ್ತಿ ನಾಗಪುರಕ್ಕೆ. ಮೂರನೇ ಸಲ ಯಾಕೆ ಹೋದೆ ಅಂತ ನನಗೇ ಗೊತ್ತಿಲ್ಲ. ಆ ಸಲ ಮಾತ್ರ ಹತ್ತು ವರ್ಷ ಸುತ್ತಿದೆ. ಪುಣೆ, ಸೂರತ್, ಕೊಚ್ಚಿ. ಹೋದಲ್ಲೆಲ್ಲ ಎ.ಸಿ. ಕೆಲಸವೇ ಅನ್ನ ಹಾಕಿತು. ಮದುವೆಯಾದ ಮೇಲೂ ಸುತ್ತಾಟ ನಿಲ್ಲಲಿಲ್ಲ. ನನ್ನ ಹೆಂಡತಿ, "ನಿಮಗೆ ಅಡಿಗೆ ಮಾಡಬೇಕಂದ್ರೆ ಬಸ್ ಸ್ಟ್ಯಾಂಡಿಗೆ ಫೋನ್ ಮಾಡಿ ಕೇಳಬೇಕು" ಅನ್ನುತ್ತಿದ್ದಳು.

ಕೊನೆಗೆ ಹೋದ ವರ್ಷ ಯುಗಾದಿಗೆ ಎಂ.ಸಿ.ಸಿ. ಬಡಾವಣೆಯಿಂದ ಎಸ್.ಎಸ್. ಬಡಾವಣೆಗೆ ಹೋಗೋ ದಾರಿಯಲ್ಲಿ ಸ್ವಂತ ಅಂಗಡಿ ಹಾಕಿದೆ. ಬೆಣ್ಣೆ ಬಿಸ್ಕತ್ತು ಕಟ್ಟಿಸಿಕೊಂಡು ಹರಿಹರಕ್ಕೆ ಹೋಗಿ ಉಸ್ತಾದರಿಗೆ ಹೇಳಿದೆ. ಮಂಡಿ ನೋವಿಗೆ ಅವರು ಗ್ಯಾರೇಜ್ ಮುಚ್ಚಿ ಆಗಲೇ ಎರಡು ವರ್ಷ. ಅವರ ಸ್ವಂತ ಹಳೇ ಬಿಳಿ ಕಾರಿನ ಎ.ಸಿ. ಕೂಡ ಎರಡು ಬೇಸಿಗೆಯಿಂದ ಸತ್ತು ಮಲಗಿತ್ತು. ಬಗ್ಗಿ ಮಾಡಲು ತಮಗಾಗದು, ಇನ್ನೊಬ್ಬರ ಕೈಗೆ ಕೊಡಲು ಮನಸ್ಸಿಲ್ಲ. ಊರಿಗೆಲ್ಲ ತಂಪು ಮಾಡಿದ ಮನುಷ್ಯ ತಲೆ ಮೇಲೆ ಒದ್ದೆ ಟವೆಲ್ ಹಾಕಿಕೊಂಡು ಕಾರು ಓಡಿಸುತ್ತಿದ್ದರು.

"ನಿಮ್ಮ ಗಾಡಿ ನನಗೆ ಕೊಡ್ರಿ ಉಸ್ತಾದ್," ಅಂದೆ.

ಬಿಸ್ಕತ್ತು ಚಹಾದಲ್ಲಿ ಅದ್ದುತ್ತಾ ಅಂದರು: "ನಿನ್ನ ಕೈ ಮೇಲೆ ನನಗೆ ಅನುಮಾನ ಇಲ್ಲ ಬೇಟಾ. ಕಾಲಿನ ಮೇಲೆ ಐತೆ. ಮುಂದಿನ ಯುಗಾದಿ ತನಕ ಒಂದೇ ಶಟರ್ ಕೆಳಗೆ ಇರು. ಇದ್ರೆ ಗಾಡಿ ನಾನೇ ತರ್ತೀನಿ. ಇಲ್ಲಾಂದ್ರೆ ನನ್ನ ಟವೆಲ್ ನನಗೆ ಐತೆ."

ಊರೂರು ಸುತ್ತಿ ಎಷ್ಟೋ ಕಾರು ತಂಪು ಮಾಡಿದ್ದೆ. ಆದರೆ ಆ ಒಂದು ಕಾರಿನ ಬಾನೆಟ್ ತೆಗೆಯದಿದ್ದರೆ ಅದೆಲ್ಲ ಲೆಕ್ಕಕ್ಕೇ ಇಲ್ಲ ಅನ್ನಿಸಿತು. ಹ್ಞೂ ಅಂದು ಬಂದೆ. ಆ ಒಂದು ವರ್ಷದಲ್ಲಿ ನಡೆದದ್ದು ಇದು.

೧. ಕೊನೇ ಭಾಗದ ರೈತ

ಅಂಗಡಿ ಹಾಕಿ ಹದಿನೈದು ದಿನವಾಗಿತ್ತು. ಕುಕ್ಕುವಾಡದ ಒಬ್ಬ ಯಜಮಾನರು ಕಾರು ತಂದರು. ಭತ್ತದ ರೈತರು, ಅರವತ್ತರ ಆಸುಪಾಸು, ಹೆಗಲ ಮೇಲೆ ಟವೆಲ್. ಹಿಂದಿನ ಸೀಟಿನಲ್ಲಿ ಅವರ ಮನೆಯವರು ಮದುವೆ ಕಾರ್ಡಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದರು.

"ಮೇಸ್ತ್ರಿ, ಮುಂದ ಕೂತೋನಿಗೆ ಸ್ವಲ್ಪ ತಂಪು ಬರ್ತೈತೆ. ಹಿಂದ ಕೂತೋರಿಗೆ ಒಂದು ಹನಿನೂ ಇಲ್ಲ. ನಾನೂ ವಿಚಾರ ಮಾಡ್ದೆ. ಇದು ಕೊನೇ ಭಾಗದ ಸಮಸ್ಯೆ."

"ಯಾವ ಕೊನೇ ಭಾಗ ಯಜಮಾನ್ರೆ?"

"ಭದ್ರಾ ನಾಲೇದು ಹೆಂಗೆ? ಮೇಲಿನೋರು ನೀರು ಕಟ್ಟಿಕೊಂಡ್ರೆ ಕೊನೇ ಭಾಗದ ಗದ್ದೆಗೆ ಎಲ್ಲಿ ಬರ್ತೈತೆ? ನಮ್ಮ ಮನೆಯೋರು ಈ ಕಾರಿನಾಗೆ ಕೊನೇ ಭಾಗದಾಗೆ ಅದಾರೆ."

ಗ್ಯಾಸ್ ಸೋರಿ ಕಮ್ಮಿಯಾಗಿದೆ ಅಂತ ಹೇಳಿದೆ. ನಂಬಲಿಲ್ಲ. ಸರಿ, ಅವರ ಭಾಷೆಯಲ್ಲೇ ಹೇಳಿದೆ. "ಕಂಪ್ರೆಸರ್ ಅಂದ್ರೆ ಪಂಪ್‌ಸೆಟ್. ಅದು ಗ್ಯಾಸನ್ನ ಒತ್ತಿ ಮುಂದಿನ ಜಾಲರಿಗೆ ಕಳಿಸುತ್ತೆ, ಅಲ್ಲಿ ಬಿಸಿ ಹೊರಗೆ ಹೋಗುತ್ತೆ. ಆಮೇಲೆ ಒಂದು ಸಣ್ಣ ತೂಬು. ತೂಬಿನಾಚೆ ಇಳಿದ ಕೂಡ್ಲೆ ಗ್ಯಾಸು ತಣ್ಣಗಾಗುತ್ತೆ, ಫ್ಯಾನು ಆ ತಂಪು ನಿಮಗೆ ಊದುತ್ತೆ. ಅಲ್ಲಿಂದ ಅದೇ ಗ್ಯಾಸು ಮತ್ತೆ ಪಂಪ್‌ಸೆಟ್‌ಗೆ."

ಯಜಮಾನರು ಕಣ್ಣು ಅಗಲ ಮಾಡಿದರು. "ಅಂದ್ರೆ ನೀರು ಗದ್ದೆ ಸುತ್ತಿ ವಾಪಸ್ ಬಾವಿಗೇ ಬಂತು ಅನ್ನು! ಒಂದು ಹನಿ ಖರ್ಚಿಲ್ಲ! ಇಂಥ ನೀರಾವರಿ ನಮಗ್ಯಾಕ ಮಾಡಿಲ್ಲೋ ಮಾರಾಯ?"

ಸೋರುತ್ತಿದ್ದ ಪೈಪು ಬದಲಿಸಿದೆ. ಪೈಪಿನೊಳಗಿನ ಗಾಳಿಯೆಲ್ಲ ಖಾಲಿಯಾಗೋ ಹಾಗೆ ಅರ್ಧ ಗಂಟೆ ವ್ಯಾಕ್ಯೂಮ್ ಎಳೆದು, ಗೇಜಿನ ಮುಳ್ಳು ಅಲ್ಲಾಡದೆ ನಿಂತಿದ್ದು ನೋಡಿ, ತೂಕ ಹಾಕಿ ಗ್ಯಾಸ್ ತುಂಬಿದೆ. ಒಳಗೆ ಕೂತ ಯಜಮಾನರು ಟವೆಲನ್ನು ಹೆಗಲಿಂದ ತೆಗೆದು ಕಿವಿಗೆ ಸುತ್ತಿಕೊಂಡರು. ನನಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಿರಲಿಲ್ಲ.

ಮುಂದಿನ ವಾರ ಮತ್ತೆ ಬಂದರು. "ಹೆಂಗೈತ್ರಿ ತಂಪು?" ಅಂದೆ.

"ತಂಪು ಬೇಕಾದಷ್ಟು ಐತೆ. ಹಂಚಿಕೆ ನಾನೇ ಮಾಡೀನಿ. ಊರಿಂದ ನಾಲೆ ಸೇತುವೆ ತನಕ ಮುಂದಿನ ಕಿಂಡಿ ಮುಚ್ಚಿ ಹಿಂದಿನೋರಿಗೆ ಬಿಡ್ತೀನಿ. ಸೇತುವೆಯಿಂದ ದಾವಣಗೆರೆ ತನಕ ನನ್ನ ಪಾಳಿ. ತಕರಾರೇ ಇಲ್ಲ."

ಹಿಂದಿನ ಸೀಟಿನಿಂದ ಅವರ ಮನೆಯವರು ತಲೆ ಹೊರಗೆ ಹಾಕಿದರು. "ಸೇತುವೆ ನಮ್ಮೂರು ದಾಟಿದ ಕೂಡ್ಲೆ ಐತೆ ಕಣಪ್ಪ. ಕೇಳಿದ್ರೆ, ತೂಬಿನ ಕೀಲಿ ನನ್ನ ಕೈಯಾಗೈತೆ ಅಂತಾರೆ."

ಅವತ್ತಿನಿಂದ ಯಜಮಾನರು ಪೇಟೆಗೆ ಬಂದಾಗಲೆಲ್ಲ ನನ್ನ ಬೆಂಚೇ ಅವರ ಜಾಗ. ಬಂದ ಗಿರಾಕಿಗೆ ನಾನು ಬಾಯಿ ತೆಗೆಯೋದಕ್ಕೆ ಮುಂಚೆ ಅವರೇ ಪಂಪ್‌ಸೆಟ್ಟು, ತೂಬು, ಬಾವಿ ಅಂತ ಪಾಠ ಶುರು ಮಾಡುತ್ತಿದ್ದರು. ಎಷ್ಟೋ ಜನ ಅವರನ್ನೇ ಮಾಲೀಕರು ಅಂದುಕೊಂಡು ನನಗೆ, "ನೋಡಪ್ಪ, ಸಾಹುಕಾರ್ರು ಹೇಳಿದಂಗೆ ಮಾಡು" ಅನ್ನುತ್ತಿದ್ದರು.

೨. ಮಂಡಕ್ಕಿಯ ಸಾಕ್ಷಿ

ಮಳೆಗಾಲಕ್ಕೆ ಸ್ವಲ್ಪ ಮುಂಚೆ ಒಬ್ಬ ಮಂಡಕ್ಕಿ ಭಟ್ಟಿಯ ಸಾಹೇಬರು ಬಂದರು. ತಲೆತಲಾಂತರದಿಂದ ಮಂಡಕ್ಕಿ ಹುರಿಯೋ ಮನೆತನ. ಬಿಳಿ ಕುರ್ತಾ, ಅತ್ತರು, ನೆಂಟರ ನಿಕಾಹ್‌ಗೆ ಹೊರಟ ವೇಷ. ಜೊತೆಗೆ ಬೇಗಂ ಸಾಹೇಬರು.

"ಉಸ್ತಾದ್, ಫ್ಯಾನ್ ಹಾಕಿದ್ರೆ ಚರ್ ಚರ್ ಅಂತೈತೆ. ಗಾಳಿ ಕಮ್ಮಿ. ಕಾಲ ಕೆಳಗೆ ನೀರು ಬೇರೆ."

ನನ್ನನ್ನು ಉಸ್ತಾದ್ ಅಂದರು ಅನ್ನೋ ಖುಷಿಯಲ್ಲಿ ಬೇಗ ಬೇಗ ಡ್ಯಾಶ್‌ಬೋರ್ಡಿನ ಕೆಳಗಿನ ಮುಚ್ಚಳ ಬಿಚ್ಚಿದೆ. ಒಳಗೆ ನೋಡಿದರೆ ಮಂಡಕ್ಕಿ! ಫ್ಯಾನಿನ ರೆಕ್ಕೆಯಲ್ಲಿ ಮಂಡಕ್ಕಿ, ತಂಪಿನ ಜಾಲರಿಯ ಮೇಲೆ ನೆನೆದು ಅಂಟಿದ ಮಂಡಕ್ಕಿ, ನೀರು ಹೊರಗೆ ಹೋಗೋ ಪೈಪಿನಲ್ಲಿ ಮಂಡಕ್ಕಿಯದೇ ಬಿರಡೆ. ಬೇರೆ ಊರಲ್ಲಿ ಎಲೆ ಸಿಗುತ್ತದೆ, ಇಲಿ ಗೂಡು ಸಿಗುತ್ತದೆ. ಮಂಡಕ್ಕಿ ಸಿಗೋದು ನಮ್ಮೂರಲ್ಲೇ. ಮುಂದಿನ ಸೀಟಿನಲ್ಲಿ ಕೂತು ಯಾರೋ ದಿನಾ ತಿಂದಿದ್ದಾರೆ. ಕಾಲ ಹತ್ತಿರ ಬಿದ್ದದ್ದನ್ನೆಲ್ಲ, ಒಳಗಾಳಿ ಎಳೆಯೋ ಕಿಂಡಿ ಎಳೆದುಕೊಂಡಿದೆ.

ನಮ್ಮ ಸಾಹೇಬರಿಗೆ ಒಳಗೊಳಗೇ ಹೆಮ್ಮೆ. "ಏನ್ ಮಾಡ್ತೀರಿ, ನಮ್ಮ ಮಾಲು ಅಂಥದ್ದು. ಹಗುರ! ಗಾಳಿಗೂ ಆಸೆ ಹುಟ್ಟಿಸ್ತೈತೆ."

ಎಲ್ಲ ತೊಳೆದು, ಒರೆಸಿ, ಮುಚ್ಚಳ ಹಾಕಿದೆ. "ಕೂಡ್ರಿ, ಟ್ರಯಲ್ ನೋಡೋಣ" ಅಂತ ಫ್ಯಾನನ್ನು ನಾಲ್ಕನೇ ನಂಬರಿಗೆ ತಿರುಗಿಸಿದೆ. ಕಿಂಡಿಗೆ ಹೋಗೋ ಕೊಳವೆ ಒಂದನ್ನು ನಾನು ನೋಡಿರಲಿಲ್ಲ. ಭರ್ ಅಂತ ಒಂದು ಬೊಗಸೆ ಒಣ ಮಂಡಕ್ಕಿ ಸಾಹೇಬರ ಮುಖ, ಗಡ್ಡ, ಕುರ್ತಾ ಮೇಲೆಲ್ಲ ಮಳೆಗರೆಯಿತು.

ಸಾಹೇಬರು ಗಡ್ಡದಿಂದ ಒಂದು ಮಂಡಕ್ಕಿ ತೆಗೆದರು. ಬೆರಳಲ್ಲಿ ಒತ್ತಿದರು. ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದರು. ಮುಖ ಕೆಂಪಾಯಿತು.

"ಇದು ನಮ್ಮ ಭಟ್ಟಿದಲ್ಲ!"

ಗಡ್ಡದಿಂದ ಇನ್ನೊಂದು ತೆಗೆದು ಬಾಯಿಗೆ ಹಾಕಿಕೊಂಡರು.

"ಉಪ್ಪು ಜಾಸ್ತಿ, ಮರಳು ಬೇರೆ. ಇದು ನಮ್ಮ ಹಿಂದಿನ ಬೀದಿಯೋನ ಮಾಲು! ನನ್ನ ಗಾಡೀಲಿ, ಮುಂದಿನ ಸೀಟಿನಾಗೆ ಕೂತು, ಅವನ ಮಂಡಕ್ಕಿ ಯಾರು ತಿಂದಿದ್ದು?"

ಮುಂದಿನ ಸೀಟಿನಲ್ಲಿ ದಿನಾ ಕೂಡುತ್ತಿದ್ದವರು ಒಬ್ಬರೇ. ಬೇಗಂ ಸಾಹೇಬರು ಕಿಟಕಿಯಾಚೆ ನೋಡುತ್ತಾ, ತಣ್ಣಗೆ ಅಂದರು: "ಎ.ಸಿ. ಈಗ ಚೆನ್ನಾಗಿ ಬರ್ತೈತೆ. ಗಾಜು ಏರಿಸ್ರಿ, ನಿಕಾಹ್‌ಗೆ ಹೊತ್ತಾಯ್ತು."

೩. ಹಾರ ಮಾತ್ರ ತೆಗೀಬ್ಯಾಡ್ರಿ

ಆಯುಧಪೂಜೆಯಾದ ವಾರ ನನಗೆ ಕೆಲಸ ಜಾಸ್ತಿ. ಗಂಧ, ಕುಂಕುಮ, ಕುಂಬಳಕಾಯಿ ತಿರುಳು ಎಲ್ಲ ಕಾರಿನ ಮೂಗಿಗೇ ಬಳಿದಿರುತ್ತಾರೆ. ಎಸ್.ಎಸ್. ಬಡಾವಣೆಯ ಒಬ್ಬ ಮೇಷ್ಟ್ರ ಕಾರು ಬಂತು. "ಸಿಗ್ನಲ್‌ನಲ್ಲಿ ನಿಂತ ಕೂಡಲೇ ಎ.ಸಿ. ಬಿಸಿ ಗಾಳಿ ಬಿಡುತ್ತೆ. ಗ್ಯಾಸ್ ಹೋಗಿದೆಯಾ?"

ಕಾರಿನ ಮುಖಕ್ಕೆ ತೊಡೆ ಗಾತ್ರದ ಚೆಂಡುಹೂವಿನ ಹಾರ, ಎರಡು ಸುತ್ತು. ಜಾಲರಿಗೆ ಗಾಳಿಯೇ ಹೋಗುತ್ತಿರಲಿಲ್ಲ. ಹೂವು ಬಿಸಿಗೆ ಬೆಂದು ಪಲ್ಯದ ವಾಸನೆ ಬರುತ್ತಿತ್ತು.

"ಹಾರ ತೆಗೀರಿ ಸಾರ್, ಅಷ್ಟೇ ರಿಪೇರಿ."

ಮೇಷ್ಟ್ರು ದನಿ ತಗ್ಗಿಸಿದರು. "ಹಾರ ಮಾತ್ರ ತೆಗೀಬ್ಯಾಡ್ರಿ. ಅದು ತಾನಾಗೇ ಬೀಳೋ ತನಕ ಮುಟ್ಟಬಾರದು ಅಂತ ಮನೆಯಲ್ಲಿ ಆರ್ಡರ್ ಆಗಿದೆ."

ನಾನು ಹದಿಮೂರು ಊರು ಸುತ್ತಿದವನು. ಒಂದು ಹಾರಕ್ಕೆ ಸೋಲುತ್ತೇನೆಯೇ? ಹಾರ ಬಿಚ್ಚಿದೆ, ಒಂದು ಹೂವೂ ಉದುರದಂತೆ ಹಿಂದಿನ ಡಿಕ್ಕಿಗೆ ಕಟ್ಟಿದೆ, ಜಾಲರಿಗೆ ಹದವಾಗಿ ನೀರು ಬಿಟ್ಟು ಗಂಧ ತೊಳೆದೆ. ತಂಪು ಜುಮ್ ಅಂತ ಬಂತು.

ಮರುದಿನ ಮೇಷ್ಟ್ರ ಫೋನು. ನಾನು ಹೆದರುತ್ತಲೇ ಎತ್ತಿದೆ.

"ಮನೆಯಲ್ಲಿ ಏನೂ ಅನ್ನಲಿಲ್ಲ ಕಣ್ರಿ. ಹಾರ ಇದ್ದ ಕಡೆಯೇ ಕಾರಿನ ಮುಖ ಅಂತ ತೀರ್ಮಾನ ಮಾಡಿದ್ದಾರೆ. ಈಗ ದಿನಾ ಆರತಿ ಡಿಕ್ಕಿಗೆ. ಒಂದೇ ತೊಂದರೆ, ಗಾಡಿನ ರಿವರ್ಸ್‌ನಲ್ಲೇ ಹೊರಗೆ ತಗೊಂಡು ಹೋಗು ಅಂತಾರೆ, ಶುಭ ಆಗಲಿ ಅಂತ."

೪. ಗೋವಾ ಲಾರಿ

ಇದು ನನ್ನ ಮರ್ಯಾದೆ ಹೋದ ಕಥೆ. ಬಿಟ್ಟುಬಿಡಬಹುದಿತ್ತು, ಆದರೆ ಇದನ್ನು ಹೇಳದೆ ಮುಂದಿನದಕ್ಕೆ ಬೆಲೆ ಇಲ್ಲ.

ಮಾಘದ ಒಂದು ಬೆಳಿಗ್ಗೆ. ಅಂಗಡಿಗೆ ಹತ್ತು ತಿಂಗಳಾಗಿತ್ತು. ಚಳಿಗೆ ಯಾರಿಗೂ ಎ.ಸಿ. ನೆನಪಿಲ್ಲ, ಕಾರಿಲ್ಲ, ಕೆಲಸವಿಲ್ಲ. ಕೆಲಸವಿಲ್ಲದಿದ್ದರೆ ನನ್ನ ಅಂಗಾಲು ತುರಿಸುತ್ತದೆ. ಹಾಗೇ ಕೂತಿದ್ದಾಗ ಹಳೇ ಗೆಳೆಯನೊಬ್ಬನ ಲಾರಿ ಅಂಗಡಿ ಮುಂದೆ ನಿಂತಿತು.

"ಗೋವಾಕ್ಕೆ ಹೊಂಟೀನಿ. ಕ್ಲೀನರ್ ಸೀಟು ಖಾಲಿ ಐತೆ. ಬರ್ತೀಯೇನು? ನಾಡಿದ್ದು ವಾಪಸ್."

ನನ್ನ ಬಾಯಿ 'ಇಲ್ಲಪ್ಪ' ಅಂತಿತ್ತು. ಕಾಲು ಆಗಲೇ ಮೆಟ್ಟಿಲ ಮೇಲಿತ್ತು. ಶಟರ್ ಎಳೆದದ್ದು ಯಾವಾಗ ಅಂತಲೂ ನೆನಪಿಲ್ಲ.

ಹರಿಹರದ ಹತ್ತಿರ ಬರುವಾಗ ಗೆಳೆಯ, "ಒಂದು ಚಾ ಕುಡಿಯಾನ" ಅಂತ ರಸ್ತೆ ಬದಿ ಲಾರಿ ನಿಲ್ಲಿಸಿದ. ಚಹಾದಂಗಡಿಯ ಬೆಂಚಿನ ಮೇಲೆ ಯಾರಿದ್ದಾರೆ? ನಮ್ಮ ಉಸ್ತಾದರು! ನಾನು ಧಡಕ್ಕನೆ ಸೀಟಿನ ಕೆಳಗೆ ನುಗ್ಗಿ, ಜ್ಯಾಕ್ ರಾಡಿನ ಪಕ್ಕ ಮುದುಡಿ, ಮೇಲೆ ಗೋಣಿಚೀಲ ಎಳೆದುಕೊಂಡೆ. ಉಸಿರು ಬಿಗಿಹಿಡಿದೆ. ಹೊರಗೆ ಗೆಳೆಯ ಸಲಾಂ ಮಾಡಿದ್ದು ಕೇಳಿಸಿತು. ಆಮೇಲೆ ಉಸ್ತಾದರ ದನಿ, ಎಂದಿನಂತೆ ಮೆತ್ತಗೆ:

"ಎರಡು ಚಾ ಕೊಡು. ಒಂದು ಈ ಡ್ರೈವರ್‌ಗೆ. ಇನ್ನೊಂದು, ಆ ಸೀಟಿನ ಕೆಳಗಿರೋನಿಗೆ. ಅವನಿಗೆ ಸಕ್ಕರೆ ಜಾಸ್ತಿ."

ಗೋಣಿಚೀಲದ ಸಮೇತ ಇಳಿದೆ. ಉಸ್ತಾದರು ನನ್ನ ಕಡೆ ನೋಡಲೂ ಇಲ್ಲ. ನಾನು ಚಹಾ ಕುಡಿದೆ. ಅಷ್ಟು ಸಿಹಿ ಚಹಾ ಅಷ್ಟು ಕಹಿಯಾಗಿ ಎಂದೂ ಇಳಿದಿರಲಿಲ್ಲ.

"ಉಸ್ತಾದ್, ಒಂದು ವರ್ಷದ ಮಾತು..."

ಅವರು ಕೈಗಡಿಯಾರ ನೋಡಿದರು. "ಮಧ್ಯಾಹ್ನದೊಳಗೆ ಶಟರ್ ತೆಗೆದ್ರೆ ಊಟದ ಟೈಮ್ ಅಂದ್ಕೋತೀನಿ. ದಾವಣಗೆರೆ ಬಸ್ಸು ಆಚೆ ಕಡೆ ನಿಲ್ತೈತೆ."

ಬಸ್ಸಿನಲ್ಲಿ ಸೀಟು ಖಾಲಿ ಇದ್ದರೂ ನಾನು ದಾವಣಗೆರೆ ತನಕ ನಿಂತುಕೊಂಡೇ ಬಂದೆ. ಅಂಗಡಿಗೆ ಬಂದರೆ ಶಟರ್ ಆಗಲೇ ಮೇಲಿತ್ತು. ನನ್ನ ಹೆಂಡತಿ ಕುರ್ಚಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಶಟರ್ ಮುಚ್ಚಿತ್ತು ಅಂತ ಯಾರೂ ಅನ್ನಬಾರದಲ್ಲ," ಅಂದಳು. "ಕುಕ್ಕುವಾಡದ ಯಜಮಾನ್ರು ಫೋನ್ ಮಾಡಿದ್ರು, ಮೇಸ್ತ್ರಿ ಓಡಿಹೋದ ಬರ್ರಿ ಅಂತ. ಒಂದು ಗಾಡಿನೂ ಬಂದಿತ್ತು. ಅವರೇ ನೋಡಿ, ತೂಬು ಕಟ್ಟಿಕೊಂಡಿದೆ, ಸಂಜೆ ಬರ್ರಿ ಅಂತ ಕಳಿಸಿದ್ರು."

ಸಂಜೆ ಆ ಕಾರು ಬಂತು. ಬಿಚ್ಚಿ ನೋಡಿದೆ. ತೂಬೇ ಕಟ್ಟಿಕೊಂಡಿತ್ತು.

೫. ಹಸಿರು ದಾರ

ಯುಗಾದಿ ಆಗಿ ಮೂರನೇ ದಿನ. ಹಿಂದಿನ ಸಂಜೆ ನಾಲ್ಕು ಹನಿ ಬಿದ್ದು ನೆಲದ ಕಾವೆಲ್ಲ ಸೆಕೆಯಾಗಿ ಎದ್ದಿತ್ತು. ಹನ್ನೊಂದು ಗಂಟೆಗೆ ಒಂದು ಹಳೇ ಬಿಳಿ ಕಾರು, ನಾಲ್ಕೂ ಗಾಜು ಇಳಿಸಿಕೊಂಡು ಬಂದು ಅಂಗಡಿ ಮುಂದೆ ನಿಂತಿತು. ಒಳಗೆ ಒದ್ದೆ ಟವೆಲ್ ಹೊದ್ದ ಉಸ್ತಾದರು.

ಯಜಮಾನರು ಬೆಂಚಿನಿಂದ ಎದ್ದು, "ಬರ್ರಿ ಸಾಹೇಬ್ರೆ, ಕೂಡ್ರಿ. ಪಂಪ್‌ಸೆಟ್ ತೊಂದರೆಯೋ, ತೂಬಿನ ತೊಂದರೆಯೋ?" ಅಂದರು.

ಉಸ್ತಾದರು ಅವರನ್ನು ಮೇಲಿಂದ ಕೆಳಗೆ ನೋಡಿ, ಕೀಲಿ ನನ್ನ ಕೈಗೆ ಹಾಕಿದರು. ಸ್ಟೂಲನ್ನು ರಸ್ತೆ ಕಡೆ ತಿರುಗಿಸಿಕೊಂಡು ನಮಗೆ ಬೆನ್ನು ಮಾಡಿ ಕೂತರು. "ನಾನು ನೋಡಲ್ಲ. ನೋಡಿದ್ರೆ ಕೈ ಸುಮ್ಮನಿರಲ್ಲ. ನೀನು ಮಾಡು."

ಬಾನೆಟ್ ಎತ್ತಿದೆ. ಒಳಗೆ ಗ್ಯಾಸು ಚೂರೂ ಇರಲಿಲ್ಲ. ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೊರೆ ಹಚ್ಚಲು ಶುರು ಮಾಡಿದೆ. ಸೋರೋ ಕಡೆ ಗುಳ್ಳೆ ಏಳಬೇಕು. ಯಜಮಾನರಿಗೆ ಸುಮ್ಮನಿರಲು ಆಗುತ್ತದೆಯೇ? ಉಸ್ತಾದರ ಬೆನ್ನಿಗೆ ಕ್ರಿಕೆಟ್ ಮ್ಯಾಚಿನ ಹಾಗೆ ವರದಿ ಶುರು ಮಾಡಿದರು. "ಈಗ ನೊರೆ ಹಚ್ಚಿದ ಸಾಹೇಬ್ರೆ. ಪಂಪ್‌ಸೆಟ್ ಹತ್ರ ಗುಳ್ಳೆ ಇಲ್ಲ. ಜಾಲರಿ ಹತ್ರ ಬಂದ. ಅಲ್ಲೂ ಇಲ್ಲ. ಬೆವರು ಒರೆಸಿಕೊಂಡ."

ಒಂದು ಗಂಟೆ ಹುಡುಕಿದೆ. ಎಲ್ಲೂ ಗುಳ್ಳೆ ಇಲ್ಲ. ಗೇಜಿನ ಮುಳ್ಳು ಮಾತ್ರ ಕೂದಲೆಳೆಯಷ್ಟು ಇಳಿಯುತ್ತಲೇ ಇತ್ತು. ಇನ್ನು ನೋಡದೆ ಉಳಿದದ್ದು ಒಂದೇ ಜಾಯಿಂಟು. ಅದರ ಮೇಲೆ ಬಣ್ಣ ಮಾಸಿದ ಹಸಿರು ದಾರ.

ಕೈ ತಾನಾಗೇ ಹಿಂದಕ್ಕೆ ಬಂತು. ಆ ದಾರ ಬಿಚ್ಚಿದರೆ ಉಸ್ತಾದರ ಮೇಲೆ ಅನುಮಾನ ಪಟ್ಟಂತೆ. ಬಿಚ್ಚದಿದ್ದರೆ ಸೋರೋ ಜಾಗ ಹುಡುಕದೆ ಗ್ಯಾಸ್ ತುಂಬಿದಂತೆ. ಅವರದೇ ಮೊದಲ ಪಾಠ ಮರೆತಂತೆ. ಒಂದು ವರ್ಷ ಶಟರ್ ಕೆಳಗೆ ಕೂತಿದ್ದು ಇದಕ್ಕೇನಾ ಅನ್ನಿಸಿತು. ಕಣ್ಣು ಮುಚ್ಚಿ ದಾರ ಬಿಚ್ಚಿ ಜೇಬಿಗೆ ಹಾಕಿಕೊಂಡೆ. ನೊರೆ ಹಚ್ಚಿದೆ. ಕಡಲೆಕಾಳಿನಷ್ಟು ಒಂದು ಗುಳ್ಳೆ ಮೆಲ್ಲಗೆ ಎದ್ದು ನಿಂತಿತು.

ಯಜಮಾನರು ಬಾಯಿ ತೆಗೆದರು. ನಾನು ತುಟಿಗೆ ಬೆರಳಿಟ್ಟು, ದಾರ ತೋರಿಸಿ, ಉಸ್ತಾದರ ಬೆನ್ನು ತೋರಿಸಿ, ಕೈ ಮುಗಿದೆ. ಅವರಿಗೆ ಎಲ್ಲ ಅರ್ಥವಾಯಿತು. ಗಟ್ಟಿ ದನಿಯಲ್ಲಿ ವರದಿ ಮುಂದುವರಿಸಿದರು: "ಏನೂ ಇಲ್ಲ ಸಾಹೇಬ್ರೆ! ಹಸಿರು ದಾರದ ಹತ್ರ ಏನೂ ನಡೀತಿಲ್ಲ! ದಾರ ಅಲ್ಲೇ ಐತೆ, ಯಾರೂ ಜೇಬಿಗೆ ಹಾಕ್ಕೊಂಡಿಲ್ಲ!"

ಉಸ್ತಾದರ ಬೆನ್ನು ಒಂದು ಸಲ ಅಲ್ಲಾಡಿತು. ತಿರುಗಲಿಲ್ಲ.

ಒಳಗಿನ ರಬ್ಬರ್ ರಿಂಗು ವಯಸ್ಸಾಗಿ ಕಲ್ಲಿನಂತಾಗಿತ್ತು, ಅಷ್ಟೇ. ಹೊಸದು ಹಾಕಿ, ಬಿಗಿ ಮಾಡಿ, ಅದೇ ದಾರ ಅದೇ ಜಾಗಕ್ಕೆ ಕಟ್ಟಿದೆ. ಅರ್ಧ ಗಂಟೆಗೆ ಬದಲು ಒಂದು ಗಂಟೆ ವ್ಯಾಕ್ಯೂಮ್ ಎಳೆದೆ. ಮುಳ್ಳು ಮೊಳೆ ಹೊಡೆದಂತೆ ನಿಂತಿತು. ಗ್ಯಾಸನ್ನು ಚಿನ್ನ ತೂಗಿದ ಹಾಗೆ ತೂಗಿ ತುಂಬಿದೆ. "ಆಯ್ತು ಉಸ್ತಾದ್."

ಅವರು ಎದ್ದು ಬಂದು ಬಾನೆಟ್ಟಿನೊಳಗೆ ಬಗ್ಗಿದರು.

"ಎಲ್ಲಿ ಸೋರಿತ್ತು?"

"ಜಾಲರಿ ಹತ್ರ ಉಸ್ತಾದ್. ಕಲ್ಲು ಬಡಿದಿತ್ತು."

"ಈ ದಾರ ಯಾರು ಕಟ್ಟಿದ್ದು?"

"ನೀವೇ ಉಸ್ತಾದ್."

"ನಾನು ಎಡಗೈಯವನು. ನನ್ನ ಗಂಟು ಎಡಕ್ಕೆ ಬೀಳ್ತೈತೆ. ಇದು ಬಲಕ್ಕೆ ಬಿದ್ದೈತೆ."

ನಾನು ನೆಲ ನೋಡಿದೆ. ಯಜಮಾನರು ಕೈ ಕಟ್ಟಿ ನಿಂತು, "ಗಾಳಿಗೆ ತಿರುಗಿರಬೇಕು ಸಾಹೇಬ್ರೆ," ಅಂದರು.

ಉಸ್ತಾದರು ಕಾರಿನೊಳಗೆ ಕೂತರು. ಗಾಜು ಏರಿತು. ಹತ್ತು ನಿಮಿಷ. ಆ ಹತ್ತು ನಿಮಿಷದಲ್ಲಿ ನಾನು ಗೋವಾಕ್ಕೆ ಹೋಗಿ ವಾಪಸ್ ಬಂದಷ್ಟು ಅಂಗಡಿಯೊಳಗೇ ನಡೆದಿರಬೇಕು. ಸ್ಪ್ಯಾನರ್ ಹಿಡಿದುಕೊಂಡು ಕಾರಿನ ಆ ಕಡೆ ಈ ಕಡೆ ಸುತ್ತುತ್ತಲೇ ಇದ್ದೆ. ಬಾಗಿಲು ತೆರೆದಾಗ ನಾನು ಡಿಕ್ಕಿ ಹತ್ತಿರ ಇದ್ದೆ. ದೊಡ್ಡವರು ಇಳಿಯುತ್ತಿದ್ದಾರೆ ಅಂತ ಯಜಮಾನರೇ ಓಡಿಹೋಗಿ ಕೈ ಕೊಟ್ಟರು.

ಉಸ್ತಾದರು ಹೊರಗಿನ ಸೆಕೆಗೆ ತಲೆ ಹಾಕಿದರೋ ಇಲ್ಲವೋ, ಕನ್ನಡಕದ ಎರಡೂ ಗಾಜು ಸುಣ್ಣ ಬಳಿದಂತೆ ಬೆಳ್ಳಗಾದವು. ಏನೂ ಕಾಣದೆ, ಸಿಕ್ಕ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಬೇಟಾ," ಅಂದರು. ದನಿ ನಡುಗುತ್ತಿತ್ತು. "ಎಷ್ಟೋ ಜನಕ್ಕೆ ಕಲಿಸಿದೆ. ನನ್ನ ದಾರ ಕಂಡ್ರೆ ಎಲ್ಲರೂ ವಾಪಸ್ ಹೋದ್ರು. ಅದರ ಕೆಳಗೆ ಕೈ ಹಾಕೋ ಎದೆ ಇದ್ದಿದ್ದು ನಿನ್ನೊಬ್ಬನಿಗೇ. ನನಗಿಂತ ಒಂದು ಗುಂಜಿ ಜಾಸ್ತಿನೇ ಕಲಿತೀಯ. ಇನ್ಮೇಲೆ ನಿನ್ನ ದಾರ ನೀನೇ ಕಟ್ಟು." ಅಂಗೈ ಸವರಿ ನೋಡಿದರು. "ನೋಡು, ಎಷ್ಟು ಗಟ್ಟಿಯಾಗೈತೆ ಕೈ! ಓಡಿಹೋಗೋನ ಕೈ ಅಲ್ಲ ಇದು. ಒಂದೇ ಕಡೆ ನಿಂತು ದುಡಿದ ಕೈ!"

ನಾನು ಮೂರಡಿ ಆಚೆ ಸ್ಪ್ಯಾನರ್ ಹಿಡಿದು ನಿಂತಿದ್ದೆ. ನನ್ನ ಕಣ್ಣೂ ಅವರ ಕನ್ನಡಕದ ಹಾಗೇ ಆಗಿತ್ತು.

ಯಜಮಾನರಿಗೆ ಕೈ ಬಿಡಿಸಿಕೊಳ್ಳಲೂ ಸಂಕೋಚ, ಇಟ್ಟುಕೊಳ್ಳಲೂ ಸಂಕೋಚ. ಕೊನೆಗೆ, "ಸಾಹೇಬ್ರೆ, ನಾನು ಕುಕ್ಕುವಾಡದಾಗೆ ಭತ್ತ ಹಾಕೋನು," ಅಂದರು.

ಉಸ್ತಾದರು ಕನ್ನಡಕ ತೆಗೆದು ಒರೆಸಿಕೊಂಡರು. ಅವರನ್ನು ನೋಡಿದರು. ನನ್ನನ್ನು ನೋಡಿದರು. ಮುಖ ಮೊದಲಿನ ಹಾಗೇ ಗಂಟಾಯಿತು.

"ಹೇಳಿದ್ದು ಹೇಳಿಯಾಯ್ತು. ಎರಡನೇ ಸಲ ಹೇಳೋ ಅಭ್ಯಾಸ ನನಗಿಲ್ಲ. ನೀವಿಬ್ಬರೇ ಹಂಚಿಕೊಳ್ಳಿ."

ನಾಲ್ಕೂ ಗಾಜು ಏರಿಸಿಕೊಂಡು ಹರಿಹರದ ಕಡೆ ಹೊರಟುಹೋದರು. ಒದ್ದೆ ಟವೆಲ್ ನನ್ನ ಸ್ಟೂಲಿನ ಮೇಲೇ ಬಿಟ್ಟಿದ್ದರು. ಅದನ್ನು ಒಗೆದು, ಮಡಿಸಿ, ದೇವರ ಫೋಟೋ ಪಕ್ಕದಲ್ಲಿ ಇಟ್ಟಿದ್ದೇನೆ. ಒಂದು ಉಂಡೆ ನೂಲೂ ತಂದಿದ್ದೇನೆ, ಹಳದಿ ಬಣ್ಣದ್ದು.

ಹಂಚಿಕೆ ಮಾತ್ರ ಇನ್ನೂ ಮುಗಿದಿಲ್ಲ. ಮುಂದಿನ ವಾರವೇ ಕುಕ್ಕುವಾಡದಿಂದ ಫೋನು.

"ಮೇಸ್ತ್ರಿ, ನಮ್ಮೂರಾಗೆ ಒಂದು ಕಾರು ತಂಪು ಬರ್ತಿಲ್ಲ. ಸಾಹೇಬ್ರು ನನ್ನ ಕೈ ಹಿಡಿದು ಹೇಳಿದ್ದು ಊರಿಗೆಲ್ಲ ಗೊತ್ತಾಗೈತೆ, ನಾಲ್ಕು ಜನ ಬಾನೆಟ್ ತೆಗೆದು ಕಾಯ್ತಾ ನಿಂತವ್ರೆ. ಈಗ ಹೇಳು, ನಾನೇ ನೋಡ್ಲೋ, ಇಲ್ಲ ನಿನ್ನಂಥೋರ ಹತ್ರ ಕಳಿಸ್ಲೋ?"
​